ರೇಡಿಯೊದ ‘ಬಕರಾ’ ಕರೆ: ಇರಬೇಕೆ, ನಿಲ್ಲಬೇಕೆ?

ಪರ: ಕಾಮನ ಹಬ್ಬದ ಹುಡುಗರು

ಕಾಮನ ಹಬ್ಬ ಹತ್ತಿರವಾದಂತೆ ಹಿತ್ತಿಲಿನ ಕಟ್ಟಿಗೆ, ಕುಳ್ಳು, ಒಮ್ಮೊಮ್ಮೆ ಮುರುಕು ಮಂಚವೂ ಮಾಯವಾಗುತ್ತಿದ್ದ ಊರಿನಲ್ಲಿ ಬೆಳೆದವನು ನಾನು. ಕದ್ದ ಹುಡುಗರ ಮೇಲೆ ಯಾರೂ ದೂರು ಕೊಟ್ಟದ್ದಿಲ್ಲ. ಹೆಚ್ಚು ಕೂಗಾಡಿದವರ ಮನೆಯ ಕಟ್ಟಿಗೆಯೇ ಮರುವರ್ಷ ಮೊದಲು ಹೋಗುತ್ತಿತ್ತು. ಬೆಳಗಿನ ಬಸ್ಸಿನಲ್ಲಿ ಎಫ್‌ಎಂನ ‘ಬಕರಾ’ ಕರೆ, ಅಂದರೆ ನಿರೂಪಕ ಬೇರೆ ಯಾರದೋ ಸೋಗಿನಲ್ಲಿ ಫೋನ್ ಮಾಡಿ ಒಬ್ಬರನ್ನು ಬೇಸ್ತು ಬೀಳಿಸುವ ಆಟ, ಕೇಳಿದಾಗಲೆಲ್ಲ ನನಗೆ ಆ ಹುಡುಗರು ನೆನಪಾಗುತ್ತಾರೆ.

ಈ ಕರೆಗಳು ಗೊತ್ತುಗುರಿಯಿಲ್ಲದೆ ಹೋಗುವುದಿಲ್ಲ. ತಂಗಿಯೋ ಗೆಳೆಯನೋ ನಂಬರು ಕೊಟ್ಟು, ‘ಹೊಸ ಬೈಕಿನ ಮೇಲೆ ಧೂಳು ಕೂತರೂ ಸಹಿಸುವುದಿಲ್ಲ, ಅಲ್ಲೇ ಕೆಣಕಿ’ ಎಂದು ಹೇಳಿಕೊಟ್ಟಿರುತ್ತಾರೆ. ಐದು ನಿಮಿಷ ಸಿಟ್ಟು; ನಿರೂಪಕ ತನ್ನ ಹೆಸರು ಹೇಳಿದ ಮೇಲೆ ಒಂದು ಕ್ಷಣದ ಮೌನ; ಆಮೇಲೆ ಆ ಕಡೆಯಿಂದ ನಗು. ಪ್ರಸಾರ ಮಾಡುವುದೂ ಕೊನೆಗೆ ಅವರನ್ನು ಕೇಳಿಯೇ. (ನಟರನ್ನು ಕೂರಿಸಿ ಮಾಡಿಸುತ್ತಾರೆ ಎಂಬ ಗುಮಾನಿ ಇದೆ. ಕೇಳುವ ಕಿವಿಗೆ ತಿಳಿಯುತ್ತದೆ: ಅಂಥ ಕಡೆ ನಗು ತೀರಾ ಬೇಗ ಬಂದುಬಿಡುತ್ತದೆ.)

ದೊಡ್ಡವರ ವಿಷಯಕ್ಕೆ ಬಂದರೆ ಈ ಕೀಟಲೆಗೆ ಇನ್ನೂ ಹೆಚ್ಚಿನ ಬೆಲೆಯಿದೆ. 2003ರಲ್ಲಿ ಮಯಾಮಿಯ ಸ್ಪ್ಯಾನಿಷ್ ರೇಡಿಯೊದ ಇಬ್ಬರು, ಕ್ಯೂಬಾದ ಅಧ್ಯಕ್ಷರಾಗಿದ್ದ ಫಿಡೆಲ್ ಕ್ಯಾಸ್ಟ್ರೊ ಧ್ವನಿಯ ತುಣುಕುಗಳನ್ನು ಕೇಳಿಸಿ ವೆನೆಜುವೆಲಾ ಅಧ್ಯಕ್ಷ ಚಾವೆಜ್ ಅವರನ್ನು ಮಾತಿಗೆಳೆದರು. ಕೆಲವು ತಿಂಗಳ ಬಳಿಕ ಚಾವೆಜ್ ಧ್ವನಿಯನ್ನು ಕೇಳಿಸಿ ಕ್ಯಾಸ್ಟ್ರೊ ಅವರನ್ನೇ ಹಿಡಿದರು. ಗುಟ್ಟು ರಟ್ಟಾದಾಗ ಕ್ಯಾಸ್ಟ್ರೊ ಬಾಯಿಗೆ ಬಂದಂತೆ ಬೈದರು. 2008ರಲ್ಲಿ ಅಮೆರಿಕದ ಚುನಾವಣೆ ಇನ್ನೇನು ಬಂತು ಎನ್ನುವಾಗ, ಮಾಂಟ್ರಿಯಲ್‌ನ ಹಾಸ್ಯಗಾರರ ಜೋಡಿಯೊಂದು ಫ್ರಾನ್ಸ್ ಅಧ್ಯಕ್ಷ ಸರ್ಕೋಜಿಯ ಸೋಗಿನಲ್ಲಿ ಉಪಾಧ್ಯಕ್ಷ ಹುದ್ದೆಯ ಅಭ್ಯರ್ಥಿ ಸಾರಾ ಪೇಲಿನ್ ಅವರೊಡನೆ ಹರಟಿತು. ಅವರೇ ಬಾಯಿಬಿಟ್ಟು ಹೇಳುವವರೆಗೂ ಪೇಲಿನ್‌ಗೆ ಗೊತ್ತಾಗಲಿಲ್ಲ. ನಾಳೆ ನಿಜವಾದ ಅಧ್ಯಕ್ಷರೊಡನೆ ಮಾತನಾಡಬೇಕಾದವರು ಇವರು ಎಂಬುದು ಮತದಾರನಿಗೆ ತಿಳಿಯಬಾರದೆ? ಪತ್ರಿಕಾಗೋಷ್ಠಿಯಲ್ಲಿ ಆ ಮುಖ ಕಾಣುವುದಿಲ್ಲ.

ಮಯಾಮಿಯ ರೇಡಿಯೊಗೆ ಅಮೆರಿಕದ ನಿಯಂತ್ರಕರು 4,000 ಡಾಲರ್ ದಂಡ ಹಾಕಿದರು. ಫೋನ್ ಮಾತನ್ನು ಪ್ರಸಾರಕ್ಕೆಂದು ಧ್ವನಿಮುದ್ರಿಸುವ ಇಲ್ಲವೆ ನೇರ ಪ್ರಸಾರ ಮಾಡುವ ಮೊದಲೇ ಎದುರಿನವರಿಗೆ ತಿಳಿಸಬೇಕೆಂಬುದು ಅಲ್ಲಿನ ನಿಯಮ. ತಿಳಿಸಿ ಮಾಡುವ ಕೀಟಲೆ ಎಂಥ ಕೀಟಲೆ! ಅತಿರೇಕಗಳು ನಡೆದಿವೆ, ನಿಜ. 2008ರಲ್ಲಿ ಬಿಬಿಸಿಯ ಇಬ್ಬರು ನಿರೂಪಕರು, ಹಿರಿಯ ನಟರೊಬ್ಬರ ಫೋನಿನಲ್ಲಿ ಅವರ ಮೊಮ್ಮಗಳ ಬಗ್ಗೆ ಹೊಲಸು ಮಾತು ಬಿಟ್ಟರು, ಬಿಬಿಸಿ 1.5 ಲಕ್ಷ ಪೌಂಡ್ ದಂಡ ತೆತ್ತಿತು. ತೆರಲಿ. ಅದು ಕೀಟಲೆಯಲ್ಲ, ಹೊಲಸು.

ವಿರೋಧ: ಫೋನ್ ಎತ್ತಿದವರು

ಕಾಮನ ಹುಡುಗರನ್ನು ನಾನೂ ಬಲ್ಲೆ. ಹಬ್ಬ ಯಾವಾಗ ಎಂದು ಇಡೀ ಊರಿಗೆ ಗೊತ್ತಿರುತ್ತಿತ್ತು; ಬೇಕಾದವರು ಕಟ್ಟಿಗೆಯನ್ನು ಒಳಗಿಟ್ಟುಕೊಳ್ಳುತ್ತಿದ್ದರು. ಮಂಚ ಕಳೆದುಕೊಂಡವನ ಪಜೀತಿಯನ್ನು ಊರೂರಿಗೆ ಕೇಳಿಸಿ, ನಡುನಡುವೆ ಜಾಹೀರಾತು ಹಾಕಿ ಯಾರೂ ದುಡ್ಡು ಮಾಡಿಕೊಳ್ಳುತ್ತಿರಲಿಲ್ಲ.

2012ರ ಡಿಸೆಂಬರ್ 4, ಲಂಡನ್‌ನಲ್ಲಿ ಬೆಳಗಿನ ಜಾವ ಸುಮಾರು ಐದೂವರೆ. ರಾಜಕುಮಾರ ವಿಲಿಯಂ ಅವರ ಗರ್ಭಿಣಿ ಪತ್ನಿ ಕೇಟ್, ವಿಪರೀತ ವಾಂತಿಯಿಂದಾಗಿ ಕಿಂಗ್ ಎಡ್ವರ್ಡ್ ಸೆವೆಂತ್ ಆಸ್ಪತ್ರೆ ಸೇರಿದ್ದರು. ಸಿಡ್ನಿಯ ಎಫ್‌ಎಂ ಕೇಂದ್ರವೊಂದರ ಇಬ್ಬರು ನಿರೂಪಕರು ರಾಣಿ ಮತ್ತು ಚಾರ್ಲ್ಸ್ ಎಂದು ಹೇಳಿಕೊಂಡು ಅಲ್ಲಿಗೆ ಕರೆ ಮಾಡಿದರು. ಸ್ವಾಗತಕಾರಿಣಿ ಇಲ್ಲದ ಹೊತ್ತು. ನರ್ಸ್ ಒಬ್ಬರು ಫೋನ್ ಎತ್ತಿದರು, ನಂಬಿದರು, ವಾರ್ಡಿಗೆ ಸಂಪರ್ಕ ಕೊಟ್ಟರು. ಅಲ್ಲಿದ್ದ ಇನ್ನೊಬ್ಬ ನರ್ಸ್ ರೋಗಿಯ ಸ್ಥಿತಿ ವಿವರಿಸಿದರು. ಅದೆಲ್ಲ ಧ್ವನಿಮುದ್ರಣವಾಗಿ, ವಕೀಲರ ಕಣ್ಣು ದಾಟಿ ಪ್ರಸಾರವಾಯಿತು. ಮೂರು ದಿನಗಳ ಬಳಿಕ, ಫೋನ್ ಎತ್ತಿದ ಆ ನರ್ಸ್ ಆತ್ಮಹತ್ಯೆ ಮಾಡಿಕೊಂಡರು. ನಮ್ಮ ಕರಾವಳಿಯಿಂದ ಹೋದ ಹೆಣ್ಣುಮಗಳು, ಇಬ್ಬರು ಮಕ್ಕಳ ತಾಯಿ. ಮಣ್ಣಾದದ್ದು ಉಡುಪಿ ಜಿಲ್ಲೆಯಲ್ಲಿ.

ಒಂದು ಸಾವಿಗೆ ಒಂದೇ ಕಾರಣ ಎಂದು ಹೇಳಲಾಗದು, ಹೇಳಲೂಬಾರದು. ನನ್ನನ್ನು ಕಾಡುವುದು ನಿರೂಪಕರ ಸಮಜಾಯಿಷಿ: ತಮ್ಮ ಅನುಕರಣೆ ಎಷ್ಟು ಕೆಟ್ಟದಾಗಿತ್ತೆಂದರೆ ಯಾರಾದರೂ ತಕ್ಷಣ ಫೋನ್ ಇಟ್ಟುಬಿಡುತ್ತಾರೆ ಎಂದುಕೊಂಡಿದ್ದರಂತೆ. ರಾತ್ರಿ ಪಾಳಿಯ ನರ್ಸ್ ರಾಣಿಯ ಫೋನನ್ನು ಇಡುತ್ತಾರೆಯೆ? ಸುಳ್ಳಾಗಿದ್ದರೆ ಒಂದು ನಗೆ. ನಿಜವಾಗಿದ್ದರೆ ಕೆಲಸವೇ ಹೋಗುತ್ತದೆ. ಗಲ್ಫ್‌ನಲ್ಲಿ ನರ್ಸ್ ಆಗಿರುವ ನನ್ನ ಚಿಕ್ಕಮ್ಮನ ಮಗಳು, ‘ರಾತ್ರಿ ಫೋನ್ ಬಂದರೆ ಮೊದಲು ಎದ್ದು ನಿಲ್ಲುತ್ತೇನೆ, ಆಮೇಲೆ ಹಲೋ ಎನ್ನುತ್ತೇನೆ’ ಎನ್ನುತ್ತಾಳೆ. ದೊಡ್ಡವರನ್ನು ಗುರಿಯಿಟ್ಟ ಕರೆ ಮೊದಲು ತಾಗುವುದು ಇಂಥವರಿಗೆ. ಕ್ಯಾಸ್ಟ್ರೊ ಕಿವಿಗೆ ಹೋಗುವ ಮುನ್ನವೂ ಆ ಫೋನನ್ನು ಕೆಳಗಿನವರು ಎತ್ತಿರಲೇಬೇಕು. ಮರುದಿನ ಅವರ ಗತಿ ಏನಾಯಿತೆಂದು ಕೇಳಿದವರನ್ನು ನಾನು ಕಂಡಿಲ್ಲ.

ಸಿಡ್ನಿಯ ಕೇಂದ್ರ, ಆಸ್ಪತ್ರೆಯನ್ನು ಸಂಪರ್ಕಿಸಲು ಐದು ಬಾರಿ ಪ್ರಯತ್ನಿಸಿದೆವು ಎಂದಿತು. ಒಪ್ಪಿಗೆಯಂತೂ ಸಿಕ್ಕಿರಲಿಲ್ಲ. ಒಪ್ಪಿಗೆಯಿಲ್ಲದೆ ಖಾಸಗಿ ಮಾತನ್ನು ಪ್ರಸಾರ ಮಾಡಿ ಅಪರಾಧ ಎಸಗಿ, ಪರವಾನಗಿಯ ಷರತ್ತು ಮುರಿದಿದೆ ಎಂದು ತೀರ್ಮಾನಿಸುವ ಅಧಿಕಾರ ಪ್ರಸಾರ ನಿಯಂತ್ರಕರಿಗೆ ಇದೆ ಎಂದು ಆಸ್ಟ್ರೇಲಿಯದ ಹೈಕೋರ್ಟ್ 2015ರಲ್ಲಿ ಹೇಳಿತು.

ನಮ್ಮಲ್ಲಿ ಗೆಳೆಯರೇ ನಂಬರು ಕೊಡುತ್ತಾರೆ, ಕೊನೆಗೆ ಕೇಳಿಯೇ ಪ್ರಸಾರ ಮಾಡುತ್ತಾರೆ ಎಂಬ ವಾದ ಉಳಿಯಿತು. ಗೆಳೆಯನಿಗೆ ನನ್ನ ನಂಬರು ಗೊತ್ತಿದೆ. ನನ್ನ ಸಿಟ್ಟನ್ನು ಊರಿಗೆ ಹಂಚುವ ಹಕ್ಕು ಅವನಿಗೆ ಎಲ್ಲಿಂದ ಬಂತು? ‘ಪ್ರಸಾರ ಮಾಡಬಹುದೇ ಸರ್’ ಎಂದು ಕೇಳುವ ಹೊತ್ತಿಗೆ ಅವನು ಅದೇ ಫೋನಿನಲ್ಲಿ ನಗುತ್ತಿರುತ್ತಾನೆ. ಬೇಡ ಎಂದರೆ ತಮಾಷೆ ತಿಳಿಯದವನು ಎನ್ನಿಸಿಕೊಳ್ಳಬೇಕು. ಅಷ್ಟಾದರೂ ಬೇಡ ಎಂದವರ ಕರೆ ಪ್ರಸಾರವೇ ಆಗುವುದಿಲ್ಲ. ಬಸ್ಸಿನಲ್ಲಿ ಕೂತವರಿಗೆ ಕೇಳಿಸುವುದು ಕೊನೆಗೆ ನಕ್ಕವರ ದನಿ ಮಾತ್ರ.