ತೊಲೆ ಕಾಣುವ ಹಾಲ್ ಬೇಕಾ? ಮೊದಲು ಕೆಳಗೆ ಕೂತು ನೋಡಿ

ತಲೆ ಮೇಲೆ ಮರದ ತೊಲೆ ಕಾಣುವ ಹಾಲ್ ಅಂದರೆ ನನಗೆ ಪ್ರಾಣ. ಎಲ್ಲವನ್ನೂ ಫಾಲ್ಸ್ ಸೀಲಿಂಗ್ ಹಿಂದೆ ಮುಚ್ಚಿಟ್ಟ ಕೋಣೆಗಿಂತ, ಮೇಲಿನ ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಅಂತ ಕಣ್ಣಿಗೆ ಕಾಣುವ ಕೋಣೆಯಲ್ಲಿ ಕೂತರೆ ಏನೋ ಒಂದು ನೆಮ್ಮದಿ. ಆದರೆ ಈಚೆಗೆ ಫೋಟೊಗಳಲ್ಲಿ ಕಾಣುವ ಎಷ್ಟೋ ಹಾಲ್‌ಗಳನ್ನು ನೋಡಿದರೆ ಬೇಸರವಾಗುತ್ತದೆ. ಮೇಲೆ ಭರ್ಜರಿ ತೊಲೆಗಳು, ಕೆಳಗೆ ನಾಲ್ಕು ಗೋಡೆಗೆ ಒತ್ತಿಕೊಂಡು ನಿಂತ ಸೋಫಾಗಳು, ನಡುವೆ ಖಾಲಿ ನೆಲ, ಕಣ್ಣಿಗೆ ಚುಚ್ಚುವ ಬಿಳಿ ಲೈಟು. ಅಲ್ಲಿ ಮನೆಮಂದಿ ಕೂತು ಹರಟೆ ಹೊಡೆಯುತ್ತಾರೆ ಅಂತ ನನಗಂತೂ ಅನಿಸುವುದಿಲ್ಲ. ತೊಲೆ ಹಾಕಿದ ಮಾತ್ರಕ್ಕೆ ಕೋಣೆ ಬೆಚ್ಚಗಾಗುವುದಿಲ್ಲ. ಮೇಲಿನ ತೊಲೆಗೂ ಕೆಳಗೆ ಕೂರುವ ಜನಕ್ಕೂ ಸಂಬಂಧ ಇರಬೇಕು. ನನ್ನ ವಾದ ಇಷ್ಟೇ.

ಅದಕ್ಕೇ ನಾನು ಹೇಳುವುದು, ಕೂರುವ ಜಾಗದಿಂದ ಶುರು ಮಾಡಿ. ಸೋಫಾವನ್ನು ಗೋಡೆಯಿಂದ ಈಚೆಗೆ ಎಳೆಯಿರಿ. ಎದುರುಬದುರು ಕೂತವರ ನಡುವೆ 7-8 ಅಡಿ ಇದ್ದರೆ ದನಿ ಏರಿಸದೆ ಮಾತಾಡಬಹುದು, ಮುಖದಲ್ಲಿ ಆಗುವ ಸಣ್ಣ ಬದಲಾವಣೆಯೂ ಕಾಣುತ್ತದೆ. 12 ಅಡಿ ದೂರ ಕೂರಿಸಿದರೆ ಇಬ್ಬರೂ ಸುಮ್ನೆ ಮೊಬೈಲ್ ತೆಗೆಯುತ್ತಾರೆ. ಟೀಪಾಯಿ ಸೋಫಾದಿಂದ ಒಂದೂವರೆ ಅಡಿ ಒಳಗಿರಲಿ, ಲೋಟ ಇಡಲು ಏಳಬೇಕಾಗಬಾರದು. ಕಾರ್ಪೆಟ್ ದೊಡ್ಡದಿರಲಿ, ಎಲ್ಲ ಆಸನಗಳ ಮುಂಗಾಲಾದರೂ ಅದರ ಮೇಲೆ ಬರಬೇಕು. ಈ ಗುಂಪಿನ ನಡು ಎಲ್ಲಿ ಬರುತ್ತದೆ ಅಂತ ನೆಲದ ಮೇಲೆ ಗುರುತು ಹಾಕಿಕೊಂಡು, ಆಮೇಲೆ ತಲೆ ಎತ್ತಿ ನೋಡಿ. ಒಂದು ತೊಲೆ ಸರಿಯಾಗಿ ಆ ನಡುವಿನ ಮೇಲೆ ಹಾದುಹೋಗಬೇಕು, ಇಲ್ಲವೇ ಎರಡು ತೊಲೆಗಳ ನಡುವಿನ ಅಂಕಣ ಅದರ ಮೇಲೆ ಕೂರಬೇಕು. ಎರಡೂ ಆಗದೆ ಅರ್ಧಂಬರ್ಧ ಬಿದ್ದರೆ, ಏನು ತಪ್ಪಾಗಿದೆ ಅಂತ ಹೇಳಲು ಬಾರದಿದ್ದರೂ ಕಣ್ಣಿಗೆ ಕಿರಿಕಿರಿ ತಪ್ಪುವುದಿಲ್ಲ. ಮನೆ ಹೊರುವ ತೊಲೆಯನ್ನು ಸರಿಸಲು ಆಗುವುದಿಲ್ಲ ನಿಜ, ಸೋಫಾ ಸರಿಸಬಹುದಲ್ವಾ?

ಈಗ ಎತ್ತರ. ಇಲ್ಲೇ ಜಾಸ್ತಿ ಜನ ಎಡವುವುದು. ಚಾವಣಿ 8 ಅಡಿ ಇದ್ದು 8 ಇಂಚಿನ ತೊಲೆ ಹಾಕಿದರೆ ತೊಲೆಯ ಕೆಳಗೆ ಉಳಿಯುವುದು 7 ಅಡಿ 4 ಇಂಚು. ಫ್ಯಾನಿನ ರೆಕ್ಕೆ ನೆಲದಿಂದ ಕನಿಷ್ಠ 7 ಅಡಿ ಮೇಲಿರಬೇಕು. ಅದೂ ಅಲ್ಲದೆ ರೆಕ್ಕೆ ತೊಲೆಯ ತಳಕ್ಕಿಂತ ಕೆಳಗೆ ಇಳಿದಿರಬೇಕು, ಇಲ್ಲದಿದ್ದರೆ ಅದು ಎರಡು ತೊಲೆಗಳ ನಡುವೆ ಸಿಕ್ಕಿಕೊಂಡು ಅಲ್ಲಿನ ಗಾಳಿಯನ್ನೇ ಸುತ್ತಿಸುತ್ತಾ ಇರುತ್ತದೆ. ಅಂದರೆ ನಿಮ್ಮ ಕೈಯಲ್ಲಿರುವುದು ಬರೀ 4 ಇಂಚು. ಇಂಥ ಕೋಣೆಗೆ ನಾನಾದರೆ 4 ಇಂಚಿನ ತೊಲೆ ಸಾಕು ಅನ್ನುತ್ತೇನೆ. ಚಾವಣಿಗೆ ತಿಳಿ ಬಣ್ಣ, ಮರಕ್ಕೂ ತೀರಾ ಕಪ್ಪಲ್ಲದ ಬಣ್ಣ. 10 ಅಡಿ ಎತ್ತರ ಇದೆಯಾ, ಆಗ 8-10 ಇಂಚಿನ ಗಾಢ ಬಣ್ಣದ ತೊಲೆ ಧಾರಾಳವಾಗಿ ಹಾಕಿ. ಎತ್ತರದ ಕೋಣೆಯನ್ನು ಸ್ವಲ್ಪ ತಗ್ಗಿಸಿ ಆಪ್ತವಾಗಿಸುವುದು ತೊಲೆಯ ನಿಜವಾದ ಗುಣ. ಈಗಾಗಲೇ ತಗ್ಗಾಗಿರುವ ಕೋಣೆಗೆ ಅದೇ ಗುಣ ಮುಳುವಾಗುತ್ತದೆ.

ಅಲಂಕಾರದ ತೊಲೆಗಳ ಬಗ್ಗೆ ನನಗೆ ಬಲವಾದ ಅಭಿಪ್ರಾಯ ಇದೆ. ಹುಸಿ ತೊಲೆ ಹಾಕಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಅದು ಭಾರ ಹೊರುವ ತೊಲೆಯ ನಡತೆಯನ್ನೇ ಪಾಲಿಸಬೇಕು. ಯಾಕೆ ಅಂದರೆ ತೊಲೆಯ ಆಕಾರ ಯಾರದೋ ಖುಷಿಗೆ ಬಂದದ್ದಲ್ಲ. ಅಡಿಗೆ ಇಷ್ಟು ಅಂತ ಒಂದೇ ಭಾರ ಇದ್ದು, ತೊಲೆಯ ಉದ್ದ ಎರಡು ಪಟ್ಟಾದರೆ ಅದು 16 ಪಟ್ಟು ಜಾಸ್ತಿ ಬಾಗುತ್ತದೆ. ಅದಕ್ಕೇ ತೊಲೆಗಳನ್ನು ಸಾಮಾನ್ಯವಾಗಿ ಕೋಣೆಯ ಗಿಡ್ಡ ಬದಿಗೆ ಅಡ್ಡಲಾಗಿ ಇಡುತ್ತಾರೆ. ಅದೇ ಮರದ ಎತ್ತರವನ್ನು ಎರಡು ಪಟ್ಟು ಮಾಡಿದರೆ ಅದು 8 ಪಟ್ಟು ಗಟ್ಟಿಯಾಗಿ ನಿಲ್ಲುತ್ತದೆ. ಅದಕ್ಕೇ ತೊಲೆಯನ್ನು ಮಲಗಿಸದೆ ಎದ್ದು ನಿಲ್ಲಿಸಿರುತ್ತಾರೆ. ಈ ಲೆಕ್ಕ ಗೊತ್ತಿಲ್ಲದವರ ಕಣ್ಣಿಗೂ ತೊಲೆ ಹೇಗಿರುತ್ತದೆ ಅನ್ನುವ ಅಂದಾಜು ಇದ್ದೇ ಇರುತ್ತದೆ. ಉದ್ದದ ಬದಿಗೆ ಹೊರಟು ಚಾವಣಿಗೆ ಚಪ್ಪಟೆಯಾಗಿ ಅಂಟಿಕೊಂಡ, ಗೋಡೆ ಮುಟ್ಟುವ ಮೊದಲೇ ನಿಂತುಹೋದ ತೊಲೆ ನೋಡಿದಾಗ ಒಳಗೊಳಗೇ ಅಪನಂಬಿಕೆ ಹುಟ್ಟುವುದು ಇದರಿಂದಲೇ. ಗೋಡೆಯಿಂದ ಗೋಡೆಗೆ ಹೋಗಲಿ, ಅಗಲಕ್ಕಿಂತ ಎತ್ತರ ಜಾಸ್ತಿ ಇರಲಿ, ತುದಿ ಏನಾದರೊಂದರ ಮೇಲೆ ಊರಿರಲಿ.

ಹುಸಿ ತೊಲೆಗಳಲ್ಲೇ ಒಂದು ಬಗೆಯಾದ ಪೆಟ್ಟಿಗೆ ತೊಲೆಯನ್ನು ಹತ್ತಿರದಿಂದ ನೋಡಿ. ಮೂರು ಹಲಗೆ, ಅಂಚುಗಳನ್ನು 45 ಡಿಗ್ರಿಗೆ ಕೊಯ್ದು ಕೂಡಿಸಿರುತ್ತಾರೆ, ಒಳಗೆ ಟೊಳ್ಳು. ಚಾವಣಿಗೆ ಮೊದಲೇ ಸ್ಕ್ರೂ ಹಾಕಿ ಕೂರಿಸಿದ ಒಂದು ಮರದ ಪಟ್ಟಿಗೆ ಇದನ್ನು ಏರಿಸಿ ಬಿಗಿಯುತ್ತಾರೆ. ಕೈ ಪಳಗಿದ ಬಡಗಿಯಾದರೆ ಮೂರನ್ನೂ ಅಗಲವಾದ ಒಂದೇ ಹಲಗೆಯಿಂದ ಅಕ್ಕಪಕ್ಕ ಸೀಳಿ ತೆಗೆಯುತ್ತಾನೆ. ಆಗ ಮರದ ಎಳೆ ಬದಿಯಿಂದ ತಳಕ್ಕೆ, ತಳದಿಂದ ಇನ್ನೊಂದು ಬದಿಗೆ ಹರಿದಂತೆ ಕಾಣುತ್ತದೆ, ಗಂಟು ಕೂಡ ಮೂಲೆ ಬಳಸಿಕೊಂಡು ಬರುತ್ತದೆ. ಕೂಡುವ ಗೆರೆ ಹುಡುಕಿದರೂ ಸಿಗುವುದಿಲ್ಲ. ಇದು ಮೋಸ ಅಂತ ನನಗೆ ಅನಿಸುವುದೇ ಇಲ್ಲ, ಒಳಗಿನ ಟೊಳ್ಳಲ್ಲಿ ವೈರು ಎಳೆಯಬಹುದು, ಚಾವಣಿಗೆ ಭಾರವೂ ಕಡಿಮೆ. ಅಚ್ಚಿಗೆ ಹುಯ್ದ ಫೋಮ್ ತೊಲೆಗಳು ಮಾತ್ರ ನನಗೆ ಒಗ್ಗುವುದಿಲ್ಲ. ಒಂದೇ ಅಚ್ಚಿನಿಂದ ಬಂದ ಕಾರಣ ಮೊದಲನೆಯದರಲ್ಲಿ ಇರುವ ಗಂಟು ಮೂರನೆಯದರಲ್ಲೂ ಅದೇ ಜಾಗದಲ್ಲಿ ಇರುತ್ತದೆ. ಕಾರ್ಪೆಟ್ ಮೇಲೆ ಅಂಗಾತ ಮಲಗಿದ ಮಗು ಇದನ್ನು ಐದೇ ನಿಮಿಷದಲ್ಲಿ ಕಂಡುಹಿಡಿಯುತ್ತದೆ.

ಹಳೆಯ ಮನೆಯ ಫಾಲ್ಸ್ ಸೀಲಿಂಗ್ ಕಿತ್ತು ಒಳಗಿನ ತೊಲೆಗಳನ್ನು ತೋರಿಸುವ ಆಸೆ ಇದ್ದರೆ ದಯವಿಟ್ಟು ಅವಸರ ಮಾಡಬೇಡಿ. ಇಳಿಜಾರು ಮಾಡಿನ ಕೆಳಗೆ ಅಡ್ಡಲಾಗಿ ಹೋಗುವ ಮರ ಕೆಲವೊಮ್ಮೆ ಎರಡು ಗೋಡೆಗಳು ಹೊರಗೆ ತಳ್ಳಿಕೊಂಡು ಹೋಗದಂತೆ ಹಿಡಿದಿಟ್ಟಿರುತ್ತದೆ. ಚೆನ್ನಾಗಿ ಕಾಣುವುದಿಲ್ಲ ಅಂತ ಅದನ್ನು ಕೊಯ್ದರೆ ಮನೆಗೇ ಅಪಾಯ. ವೈರಿಗೋ ಪೈಪಿಗೋ ಅಂತ ತೊಲೆಯ ತಳದಲ್ಲಿ, ಅದರಲ್ಲೂ ನಟ್ಟನಡುವೆ, ಕಚ್ಚು ಹಾಕಿಸಬೇಡಿ, ಎಳೆತ ಅಲ್ಲೇ ಹೆಚ್ಚಿರುತ್ತದೆ. ಎಳೆಯ ಉದ್ದಕ್ಕೆ ಹೋಗುವ ಬಿರುಕು ಮರ ಒಣಗುವಾಗ ಬರುವಂಥದ್ದು, ಸಾಮಾನ್ಯವಾಗಿ ಅದಕ್ಕೆ ಹೆದರಬೇಕಿಲ್ಲ. ಎಳೆಯನ್ನು ಅಡ್ಡ ಸೀಳಿದ ಬಿರುಕು, ನಡುವೆ ಜಗ್ಗಿದ ತೊಲೆ ಕಂಡರೆ ಎಂಜಿನಿಯರ್ ಬಂದು ನೋಡುವವರೆಗೆ ಕೈ ಹಾಕಬೇಡಿ. ಸಣ್ಣ ದುಂಡು ತೂತುಗಳಿಂದ ಹಿಟ್ಟಿನಂಥ ಹೊಸ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆ ಅಂತ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಪರೀಕ್ಷೆ ಮಾಡಿಸದೆ ಉಜ್ಜಿ ಧೂಳೆಬ್ಬಿಸಬೇಡಿ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ಇನ್ನೊಂದು ವಿಷಯ, ಮೇಲೊಂದು ಮಹಡಿ ಇದ್ದರೆ, ಸೀಲಿಂಗ್ ಹೋದ ಮೇಲೆ ಅಲ್ಲಿ ಓಡಾಡುವ ಪ್ರತಿ ಹೆಜ್ಜೆಯೂ ಕೆಳಗೆ ಕೇಳಿಸುತ್ತದೆ. ಅದಕ್ಕೆ ಒಪ್ಪಿಗೆ ಇದೆಯಾ ಅಂತ ಮನೆಯವರನ್ನೆಲ್ಲ ಕೇಳಿ.

ಪಾಲಿಶ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಳೆಯುವ ವಾರ್ನಿಷ್ ಬೇಡ, ಪ್ರತಿ ಲೈಟೂ ಅದರಲ್ಲಿ ಮಿಂಚುತ್ತದೆ. ಎಣ್ಣೆ ಒರೆಸಿದ ಮಂಕು ಮೈ ಚೆಂದ. ಅಗಸೆ ಎಣ್ಣೆ ಬಳಸಿದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ಒಣಗುವಾಗ ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸಿ.

ಬೆಳಕಿನ ವಿಷಯಕ್ಕೆ ಮಾತ್ರ ನಾನು ಯಾರ ಜೊತೆಗೂ ರಾಜಿ ಆಗುವುದಿಲ್ಲ. ತೊಲೆಗಳ ನಡುವೆ ಸಾಲಾಗಿ ಸ್ಪಾಟ್‌ಲೈಟ್ ಚುಚ್ಚಿಸಿದರೆ ಬೆಳಕೆಲ್ಲ ನೆಲಕ್ಕೆ ಬೀಳುತ್ತದೆ, ತೊಲೆ ಕತ್ತಲಲ್ಲಿ ಕಪ್ಪು ಗೆರೆಯಾಗಿ ಉಳಿಯುತ್ತದೆ, ಕೂತವರ ಕಣ್ಣ ಕೆಳಗೆ ನೆರಳು. ತೊಲೆಯ ಪಕ್ಕದಲ್ಲಿ ಅಂಚು ಕೊಟ್ಟು, ಎಲ್‌ಇಡಿ ಪಟ್ಟಿಯನ್ನು ಮೇಲ್ಮುಖವಾಗಿ ಬಚ್ಚಿಡಿ. ಬೆಳಕು ಚಾವಣಿಗೆ ತಾಗಿ ಮೆತ್ತಗೆ ಇಳಿಯುತ್ತದೆ, ತೊಲೆಯ ಮೈ ಕಾಣುತ್ತದೆ. ಬೆಳಕಿನ ಬಣ್ಣ 2700 ಕೆಲ್ವಿನ್ ಇರುವ, ಅಂದರೆ ಹಳದಿ ಛಾಯೆಯ ದೀಪ ತೆಗೆದುಕೊಳ್ಳಿ, ಮರದ ಕೆಂಪು ಛಾಯೆ ಅದರಲ್ಲಿ ಏಳುತ್ತದೆ, 6500 ಕೆಲ್ವಿನ್‌ನ ಬಿಳಿ ಬೆಳಕಿನಲ್ಲಿ ಅದೇ ಮರ ಬೂದಿ ಬಳಿದಂತಿರುತ್ತದೆ. ಇದರ ಜೊತೆ ಕೂತವರ ಭುಜದ ಮಟ್ಟದಲ್ಲಿ ಎರಡು ಮೂರು ದೀಪ, ಎಲ್ಲದಕ್ಕೂ ಡಿಮ್ಮರ್. ಓದುವವರಿಗೆ ಬೇಕಾದಷ್ಟು, ಟಿವಿ ನೋಡುವವರಿಗೆ ಬೇಕಾದಷ್ಟು.

ಮರ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಹಳೆಯ ರಟ್ಟಿನ ಡಬ್ಬಗಳನ್ನು ಬಿಚ್ಚಿ, ತೊಲೆಯ ಅಳತೆಗೇ ಮಡಚಿ, ಟೇಪ್ ಹಾಕಿ ಚಾವಣಿಗೆ ಅಂಟಿಸಿ. ಒಂದು ವಾರ ಹಾಗೇ ಇರಲಿ. ಹಗಲಲ್ಲಿ ನೋಡಿ, ರಾತ್ರಿ ದೀಪ ಹಾಕಿ ನೋಡಿ, ಮನೆಯಲ್ಲಿ ಎಲ್ಲರಿಗಿಂತ ಎತ್ತರ ಇರುವವರನ್ನು ಅದರ ಕೆಳಗೆ ನಡೆಸಿ ನೋಡಿ, ಸೋಫಾದಲ್ಲಿ ಒರಗಿ ನೋಡಿ. ಐದು ತೊಲೆ ಅಂದುಕೊಂಡಿದ್ದು ಮೂರಕ್ಕೆ ಇಳಿಯಬಹುದು. ರಟ್ಟು ಕೀಳಲು ಎರಡು ನಿಮಿಷ ಸಾಕು, ಸ್ಕ್ರೂ ಹಾಕಿದ ಮರ ಕೀಳಲು ಬಡಗಿಯನ್ನೇ ಮತ್ತೆ ಕರೆಸಬೇಕು.