ಲಿಪಿಡ್ ರಿಪೋರ್ಟಿನಲ್ಲಿ ಸ್ತನ ಕ್ಯಾನ್ಸರ್ ಹುಡುಕಬೇಡಿ

ಕೊಲೆಸ್ಟ್ರಾಲ್ ಹೆಚ್ಚಿದ್ದರೆ ಸ್ತನ ಕ್ಯಾನ್ಸರ್ ಬರುತ್ತದೆ ಎಂಬ ಮಾತು ಈಚೆಗೆ ನಮ್ಮ ಕೊಡಗಿನ ಗೋಣಿಕೊಪ್ಪಲು, ವಿರಾಜಪೇಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಬಿಡುವಿಲ್ಲದೆ ಓಡಾಡುತ್ತಿದೆ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನನಗೆ ಅದರ ಪರಿಣಾಮ ಕೌಂಟರಿನಲ್ಲೇ ಕಾಣುತ್ತದೆ. ಒಟ್ಟು ಕೊಲೆಸ್ಟ್ರಾಲ್ 230 ಎಂದು ಬಂದವರು ರಿಪೋರ್ಟ್ ಕೈಗೆತ್ತಿಕೊಂಡ ಕೂಡಲೇ ‘ಹಾಗಾದರೆ ನಾನು ಮ್ಯಾಮೋಗ್ರಾಮ್ (ಸ್ತನದ ಎಕ್ಸ್-ರೇ) ಮಾಡಿಸಬೇಕೇ?’ ಎಂದು ಕೇಳುತ್ತಾರೆ. 160 ಬಂದವರು ನಿಶ್ಚಿಂತರಾಗಿ ಮನೆಗೆ ಹೋಗುತ್ತಾರೆ. ನನಗೆ ಹೆಚ್ಚು ಕಳವಳವಾಗುವುದು ಈ ಎರಡನೆಯವರನ್ನು ಕಂಡಾಗ. ಕೊಲೆಸ್ಟ್ರಾಲಿಗೂ ಸ್ತನ ಕ್ಯಾನ್ಸರಿಗೂ ನಂಟಿರುವುದು ಸುಳ್ಳಲ್ಲ. ಆದರೆ ಆ ನಂಟು ಕ್ಯಾನ್ಸರಿನ ವಿಧವನ್ನು ಅವಲಂಬಿಸಿದೆ, ಮತ್ತು ರಕ್ತದ ಕೊಬ್ಬಿನಂಶಗಳನ್ನು ಅಳೆಯುವ ಲಿಪಿಡ್ ಪ್ರೊಫೈಲಿನ ಅಂಕಿಯನ್ನು ನೋಡಿ ಯಾರಿಗೆ ಕ್ಯಾನ್ಸರ್ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಹೇಳುವಷ್ಟು ಗಟ್ಟಿಯಾದುದಂತೂ ಅಲ್ಲ. ಚಿಕಿತ್ಸೆ ಹೇಳುವುದು ನನ್ನ ಕೆಲಸವಲ್ಲ. ಎರಡೂ ಬಗೆಯ ರಿಪೋರ್ಟುಗಳು ಕಣ್ಣ ಮುಂದೆ ಹಾದುಹೋಗುವುದರಿಂದ ಅವುಗಳನ್ನು ಓದುವ ಬಗೆಯನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಿಧಗಳ ವಿಚಾರ. ಸ್ತನದಲ್ಲಿ ಗಂಟು ಕಂಡಾಗ ಸೂಜಿಯಿಂದ ತೆಗೆದ ಎಳೆಯಷ್ಟು ಸಣ್ಣ ತುಣುಕನ್ನು ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿಟ್ಟು, ನಮ್ಮ ಕಡೆಯಿಂದ ಸಾಮಾನ್ಯವಾಗಿ ಮೈಸೂರಿಗೋ ಬೆಂಗಳೂರಿಗೋ ಕಳುಹಿಸುತ್ತಾರೆ. ಅಲ್ಲಿ ಅದನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಸೀಳಿ, ಐಎಚ್‌ಸಿ ಎಂಬ, ಬಣ್ಣದಿಂದ ಪ್ರೊಟೀನುಗಳನ್ನು ಗುರುತಿಸುವ ಪರೀಕ್ಷೆಗೆ ಒಳಪಡಿಸುತ್ತಾರೆ. ಜೀವಕಣಗಳಲ್ಲಿ ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನು ಬಂದು ಅಂಟುವ ಗ್ರಾಹಕ ಪ್ರೊಟೀನು, ಅಂದರೆ ಇಆರ್, ಇದ್ದರೆ ಸೂಕ್ಷ್ಮದರ್ಶಕದಡಿ ಅವುಗಳ ಕೇಂದ್ರ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಇಲ್ಲದ ಕಣಗಳು ತೆಳು ನೀಲಿಯಾಗಿಯೇ ಉಳಿಯುತ್ತವೆ. ನೂರರಲ್ಲಿ ಒಂದು ಕಣವಾದರೂ ಕಂದಾಗಿದ್ದರೆ ಇಆರ್ ಪಾಸಿಟಿವ್ ಎಂದು ಬರೆಯುತ್ತಾರೆ, 1ರಿಂದ 10 ಶೇಕಡಾದಷ್ಟಿದ್ದರೆ ‘ಲೋ ಪಾಸಿಟಿವ್’ ಎಂಬ ಟಿಪ್ಪಣಿಯೂ ಇರುತ್ತದೆ. ಹಾಗೆಯೇ ಪ್ರೊಜೆಸ್ಟರಾನ್ ಗ್ರಾಹಕವನ್ನೂ ಹರ್-2 ಎಂಬ ಪ್ರೊಟೀನನ್ನೂ ನೋಡುತ್ತಾರೆ. ಹರ್-2ಕ್ಕೆ 0ಯಿಂದ 3+ ವರೆಗೆ ಅಂಕ. 2+ ಬಂದರೆ ತೀರ್ಮಾನಕ್ಕೆ ಫಿಶ್ ಎಂಬ ಜೀನ್ ಪರೀಕ್ಷೆ ಬೇಕು. ಮೂರೂ ಇಲ್ಲದಿದ್ದರೆ ಅದೇ ಟ್ರಿಪಲ್ ನೆಗೆಟಿವ್. ಹೆಸರು ಒಂದೇ ಆದರೂ ಇವು ಬೆಳೆಯುವ ರೀತಿ ಬೇರೆ, ಕೊಡುವ ಔಷಧ ಬೇರೆ, ಕೊಲೆಸ್ಟ್ರಾಲಿನೊಂದಿಗಿನ ಸಂಬಂಧವೂ ಬೇರೆ.

ದೇಹ ಈಸ್ಟ್ರೋಜನ್ ತಯಾರಿಸುವುದು ಕೊಲೆಸ್ಟ್ರಾಲಿನಿಂದಲೇ ಎಂಬುದು ನಿಜ. ಇದನ್ನು ಹಿಡಿದುಕೊಂಡು ‘ಕೊಲೆಸ್ಟ್ರಾಲ್ ಹೆಚ್ಚಾದಷ್ಟೂ ಹಾರ್ಮೋನ್ ಹೆಚ್ಚು’ ಎಂದು ವಾದಿಸುವವರಿದ್ದಾರೆ. ಅದು ತಪ್ಪು ಲೆಕ್ಕ. ಹಾರ್ಮೋನು ಎಷ್ಟು ತಯಾರಾಗಬೇಕೆಂಬುದನ್ನು ಕಿಣ್ವಗಳೂ ಮೆದುಳಿನಿಂದ ಬರುವ ಸೂಚನೆಗಳೂ ನಿರ್ಧರಿಸುತ್ತವೆಯೇ ಹೊರತು ಕಚ್ಚಾವಸ್ತುವಿನ ದಾಸ್ತಾನಲ್ಲ. ನಿಜವಾದ ಕೊಂಡಿ ಸಿಕ್ಕಿದ್ದು ಬೇರೆ ಕಡೆ. ಕೊಲೆಸ್ಟ್ರಾಲನ್ನು ದೇಹ ಒಡೆಯುವಾಗ 27-ಹೈಡ್ರಾಕ್ಸಿಕೊಲೆಸ್ಟ್ರಾಲ್ ಎಂಬ ವಸ್ತು ಹುಟ್ಟುತ್ತದೆ, ಮತ್ತು ರಕ್ತದಲ್ಲಿ ಕೊಲೆಸ್ಟ್ರಾಲ್ ಏರಿದಂತೆ ಇದೂ ಏರುತ್ತದೆ. ಇದು ಈಸ್ಟ್ರೋಜನ್ ಅಲ್ಲದಿದ್ದರೂ ಈಸ್ಟ್ರೋಜನ್ ಗ್ರಾಹಕಕ್ಕೆ ಅಂಟಿಕೊಂಡು ಅದನ್ನು ಚುರುಕುಗೊಳಿಸಬಲ್ಲದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡೊನಾಲ್ಡ್ ಮೆಕ್‌ಡೊನೆಲ್, ಎರಿಕ್ ನೆಲ್ಸನ್ ಮತ್ತು ಸಂಗಡಿಗರು ಈ ವಸ್ತು ಇಲಿಗಳಲ್ಲಿ ಇಆರ್ ಪಾಸಿಟಿವ್ ಗಡ್ಡೆಗಳ ಬೆಳವಣಿಗೆಯನ್ನು ಹೆಚ್ಚಿಸುತ್ತದೆ ಎಂದು 2013ರಲ್ಲಿ ತೋರಿಸಿದರು. ಅದೇ ವರ್ಷ ಟೆಕ್ಸಾಸಿನ ಇನ್ನೊಂದು ತಂಡವೂ ಅದೇ ದಿಕ್ಕಿನ ಫಲಿತಾಂಶ ಪ್ರಕಟಿಸಿತು. ವಾಟ್ಸಾಪಿನಲ್ಲಿ ಓಡಾಡುತ್ತಿರುವ ಸಂದೇಶಗಳ ಬೇರು ಇಲ್ಲಿಯವರೆಗೆ ಹೋಗುತ್ತದೆ. ಆದರೆ ಅದು ಇಲಿಗಳ ಪ್ರಯೋಗವಾಗಿತ್ತು, ಅಲ್ಲಿ ನೋಡಿದ್ದು ಇಆರ್ ಗ್ರಾಹಕವಿರುವ ಗಡ್ಡೆಗಳನ್ನು ಎಂಬ ಎರಡು ಸಂಗತಿಗಳು ಮಾತ್ರ ಫಾರ್ವರ್ಡ್ ಆಗುವಾಗ ಎಲ್ಲೋ ಉದುರಿಹೋಗಿವೆ.

ಮನುಷ್ಯರ ಅಧ್ಯಯನಕ್ಕೆ ಬಂದರೆ ಚಿತ್ರ ಅಷ್ಟು ನೇರವಾಗಿಲ್ಲ. ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಟ್ಟು ಕೊಲೆಸ್ಟ್ರಾಲ್ ಹೆಚ್ಚಿದ್ದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚೆಂದು ಕಾಣಲಿಲ್ಲ. ಕೆಲವು ಕಡೆ ತುಸು ಕಡಿಮೆಯೆಂದೇ ಕಂಡಿತು. ಇದನ್ನು ಓದಿ ಖುಷಿಪಡುವಂತೆಯೂ ಇಲ್ಲ, ಏಕೆಂದರೆ ಬೆಳೆಯುತ್ತಿರುವ ಗಡ್ಡೆ ತಾನೇ ರಕ್ತದಿಂದ ಕೊಲೆಸ್ಟ್ರಾಲನ್ನು ಹೀರಿಕೊಳ್ಳಬಲ್ಲದು. ರೋಗ ಪತ್ತೆಯಾಗುವ ಮೊದಲೇ ಅಂಕಿ ಇಳಿದಿರಬಹುದು. ಇನ್ನೊಂದು ತೊಡಕು ಮುಟ್ಟು ನಿಲ್ಲುವ ವಯಸ್ಸಿನದು. ಈಸ್ಟ್ರೋಜನ್ ಇಳಿದ ಮೇಲೆ ಹೆಂಗಸರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಏರುವುದು ಸಾಮಾನ್ಯ, ಇಆರ್ ಪಾಸಿಟಿವ್ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಅದೇ ವಯಸ್ಸಿನ ನಂತರವೇ. ಎರಡೂ ಜೊತೆಯಾಗಿ ಬಂದವೆಂದು ಒಂದರಿಂದ ಇನ್ನೊಂದು ಆಯಿತೆನ್ನಲಾಗದು. ಈ ಗೋಜಲನ್ನು ಬಿಡಿಸಲು ಹುಟ್ಟಿನಿಂದಲೇ ಕೊಲೆಸ್ಟ್ರಾಲ್ ಹೆಚ್ಚಿಸುವ ಜೀನುಗಳಿರುವವರನ್ನು ಹೋಲಿಸುವ ವಿಧಾನವೊಂದಿದೆ. 2018ರಲ್ಲಿ ಪ್ರಕಟವಾದ ಅಂಥ ಒಂದು ವಿಶ್ಲೇಷಣೆಯಲ್ಲಿ ಎಲ್‌ಡಿಎಲ್ ಹೆಚ್ಚಿಸುವ ಜೀನುಗಳೊಂದಿಗೆ ಸ್ತನ ಕ್ಯಾನ್ಸರಿನ ಅಪಾಯ ಅಲ್ಪ ಪ್ರಮಾಣದಲ್ಲಿ ಹೆಚ್ಚಿದ್ದು ಕಂಡುಬಂದಿತು. ಅಚ್ಚರಿಯ ಸಂಗತಿಯೆಂದರೆ, ನಾವು ಒಳ್ಳೆಯದೆಂದು ಕರೆಯುವ ಎಚ್‌ಡಿಎಲ್ ಹೆಚ್ಚಿಸುವ ಜೀನುಗಳೊಂದಿಗೂ ಇಆರ್ ಪಾಸಿಟಿವ್ ವಿಧದ ಅಪಾಯ ತುಸು ಹೆಚ್ಚೇ ಇತ್ತು.

ಹೃದಯದ ದೃಷ್ಟಿಯಿಂದ ಮಾಡಿದ ಒಳ್ಳೆಯದು, ಕೆಟ್ಟದ್ದು ಎಂಬ ವಿಂಗಡಣೆ ಸ್ತನಕ್ಕೆ ಅನ್ವಯಿಸುವುದಿಲ್ಲ ಎಂಬುದಕ್ಕೆ ಕೊಡಗಿನಲ್ಲಿ ಕುಳಿತವರಿಗೆ ದೂರದ ಉದಾಹರಣೆ ಬೇಕಿಲ್ಲ. ನಾವು ಕುಡಿಯುವ ಎರಡು ಪಾನೀಯಗಳೇ ಸಾಕು. ಒಂದು ಕಾಫಿ. ಪುಡಿಯನ್ನು ನೀರಿನಲ್ಲಿ ಕುದಿಸಿ, ಬೆಲ್ಲ ಹಾಕಿ ಮಾಡುವ ಕಪ್ಪು ಕಾಫಿಯಲ್ಲಿ ಕೆಫೆಸ್ಟಾಲ್ ಎಂಬ ಎಣ್ಣೆಯಂಥ ಅಂಶ ಉಳಿದಿರುತ್ತದೆ. ಅದು ಎಲ್‌ಡಿಎಲ್ ಹೆಚ್ಚಿಸುತ್ತದೆ. ಕುದಿಸಿದ ಕಾಫಿ ಕುಡಿಯುವ ನಾರ್ವೆಯವರಲ್ಲಿ ಇದು 1980ರ ದಶಕದಲ್ಲೇ ಗಮನಕ್ಕೆ ಬಂದಿತ್ತು. ಕಾಗದದ ಫಿಲ್ಟರ್ ಅದನ್ನು ಹಿಡಿದಿಡುತ್ತದೆ, ನಮ್ಮ ಜರಡಿಗಳು ಅಷ್ಟಾಗಿ ಹಿಡಿಯುವುದಿಲ್ಲ; ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಆ ಅಂಶ ಕಡಿಮೆ ಎಂಬುದು ನಮ್ಮ ಬೆಳೆಗಾರರಿಗೆ ಸಣ್ಣ ಸಮಾಧಾನ. ಹೀಗೆ ಕೊಲೆಸ್ಟ್ರಾಲ್ ಏರಿಸಬಲ್ಲ ಕಾಫಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಪರಿಶೀಲಿಸಿದಾಗ, ಅದು ಸ್ತನ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ.

ಇನ್ನೊಂದು ಮದ್ಯ. ಅದು ಎಚ್‌ಡಿಎಲ್ ಹೆಚ್ಚಿಸುತ್ತದೆ. ರಿಪೋರ್ಟಿನಲ್ಲಿ ಆ ಸಾಲು ಚೆಂದ ಕಾಣುತ್ತದೆ. ‘ಸ್ವಲ್ಪ ತೆಗೆದುಕೊಂಡರೆ ಒಳ್ಳೆಯ ಕೊಲೆಸ್ಟ್ರಾಲ್ ಹೆಚ್ಚುತ್ತದಲ್ಲ’ ಎಂಬ ಮಾತನ್ನು ಮದುವೆ ಮನೆಗಳಲ್ಲಿ ಕೇಳದವರಾರು? ಆದರೆ ಮದ್ಯ ಸ್ತನ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದು ಸಂದೇಹವಿಲ್ಲದೆ ಸಿದ್ಧವಾಗಿರುವ ಸಂಗತಿ. ದಿನಕ್ಕೆ 10 ಗ್ರಾಂ ಮದ್ಯಸಾರಕ್ಕೆ ಅಪಾಯ ಶೇ. 7ರಿಂದ 10ರಷ್ಟು ಏರುತ್ತದೆ. 30 ಮಿಲಿಲೀಟರಿನ ಒಂದು ಪೆಗ್ ವಿಸ್ಕಿಯಲ್ಲಿ ಹೆಚ್ಚುಕಡಿಮೆ ಅಷ್ಟಿರುತ್ತದೆ, ಒಂದು ಸಣ್ಣ ಗ್ಲಾಸ್ ವೈನಿನಲ್ಲೂ ಅಷ್ಟೇ. ಮನೆಯಲ್ಲಿ ಮಾಡಿದ ಹಣ್ಣಿನ ವೈನ್ ಎಂಬ ಕಾರಣಕ್ಕೆ ವಿನಾಯಿತಿಯಿಲ್ಲ. ನಮ್ಮಲ್ಲಿ ಸಮಾರಂಭಗಳಲ್ಲಿ ಹೆಂಗಸರು ಒಂದು ಗ್ಲಾಸ್ ಹಿಡಿಯುವುದನ್ನು ಯಾರೂ ಕೆಟ್ಟದಾಗಿ ನೋಡುವುದಿಲ್ಲ, ನೋಡಬೇಕಾದ ಅಗತ್ಯವೂ ಇಲ್ಲ. ನನ್ನ ತಕರಾರಿರುವುದು ಅದನ್ನು ಎಚ್‌ಡಿಎಲ್ ಹೆಸರಿನಲ್ಲಿ ಔಷಧವೆಂದು ಸಮರ್ಥಿಸುವುದರ ಬಗ್ಗೆ ಮಾತ್ರ. ಎಲ್‌ಡಿಎಲ್ ಏರಿಸುವ ಪಾನೀಯ ಸ್ತನಕ್ಕೆ ಅಪಾಯ ತರುವುದಿಲ್ಲ, ಎಚ್‌ಡಿಎಲ್ ಏರಿಸುವ ಪಾನೀಯ ತರುತ್ತದೆ ಎಂದಾದ ಮೇಲೆ ಲಿಪಿಡ್ ರಿಪೋರ್ಟನ್ನು ಜಾತಕದ ಹಾಗೆ ಓದುವುದರಲ್ಲಿ ಅರ್ಥವೇನು?

ಹಂದಿಮಾಂಸದ ಪಂದಿ ಕರಿಯ ಬಗ್ಗೆ ಕೇಳುವವರೂ ಇದ್ದಾರೆ. ಕೈಲ್‌ಪೊಳ್ದ್ ಹಬ್ಬದ ಮರುದಿನ ಬಂದ ರಕ್ತವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತೆಗೆದರೆ, ಹೊಂಬಣ್ಣದಲ್ಲಿರಬೇಕಾದ ಸೀರಮ್ ಕೆಲವು ಟ್ಯೂಬುಗಳಲ್ಲಿ ಹಾಲಿನಂತೆ ಬೆಳ್ಳಗಿರುತ್ತದೆ. ಅದು ಟ್ರೈಗ್ಲಿಸರೈಡ್ ಎಂಬ ಕೊಬ್ಬು, ಹಿಂದಿನ ರಾತ್ರಿಯ ಊಟ ಮತ್ತು ಮದ್ಯದ ಲೆಕ್ಕ. ಒಂದು ಊಟದಿಂದ ಒಟ್ಟು ಕೊಲೆಸ್ಟ್ರಾಲ್ ಹೆಚ್ಚೇನೂ ಬದಲಾಗದು, ಟ್ರೈಗ್ಲಿಸರೈಡ್ ಮಾತ್ರ ಜಿಗಿಯುತ್ತದೆ, ಮತ್ತು ಅದು 400 ದಾಟಿದರೆ ಸೂತ್ರದಿಂದ ಲೆಕ್ಕ ಹಾಕುವ ಎಲ್‌ಡಿಎಲ್ ಅಂಕಿಯನ್ನು ನಂಬುವಂತಿಲ್ಲ. ಅಂಥ ರಿಪೋರ್ಟ್ ಹಿಡಿದು ಕ್ಯಾನ್ಸರಿನ ಭಯಪಡುವುದಕ್ಕಿಂತ ಕೆಲವು ದಿನ ಬಿಟ್ಟು ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸುವುದು ಲೇಸು. ಕೆಂಪು ಮಾಂಸದ ಮೇಲಿರುವ ಕ್ಯಾನ್ಸರಿನ ಆರೋಪ ಮುಖ್ಯವಾಗಿ ದೊಡ್ಡ ಕರುಳಿಗೆ ಸಂಬಂಧಿಸಿದ್ದು, ಸ್ತನಕ್ಕಲ್ಲ. ಸ್ತನದ ಮಟ್ಟಿಗೆ ಆಹಾರದಿಂದ ಬರುವ ದೊಡ್ಡ ಪ್ರಶ್ನೆ ತೂಕದ್ದು. ಮುಟ್ಟು ನಿಂತ ಮೇಲೆ ಅಂಡಾಶಯದ ಕೆಲಸವನ್ನು ಭಾಗಶಃ ಕೊಬ್ಬಿನ ಅಂಗಾಂಶ ವಹಿಸಿಕೊಳ್ಳುತ್ತದೆ. ಅಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಈಸ್ಟ್ರೋಜನ್ ತಯಾರಿಸುತ್ತದೆ. ಆ ವಯಸ್ಸಿನಲ್ಲಿ ಇಆರ್ ಪಾಸಿಟಿವ್ ಕ್ಯಾನ್ಸರಿನ ಬಗ್ಗೆ ಸೊಂಟದ ಅಳತೆ ಹೇಳುವಷ್ಟನ್ನು ಕೊಲೆಸ್ಟ್ರಾಲ್ ಅಂಕಿ ಹೇಳುವುದಿಲ್ಲ.

ಇನ್ನು ಟ್ರಿಪಲ್ ನೆಗೆಟಿವ್. ಪಾಶ್ಚಾತ್ಯ ದೇಶಗಳಲ್ಲಿ ಸ್ತನ ಕ್ಯಾನ್ಸರುಗಳ ಪೈಕಿ ಇದರ ಪಾಲು ಶೇ. 10ರಿಂದ 15ರಷ್ಟಿದ್ದರೆ, ಭಾರತದ ಆಸ್ಪತ್ರೆಗಳ ವರದಿಗಳಲ್ಲಿ ಇದು ಶೇ. 25ರಿಂದ 30ರ ಆಸುಪಾಸಿನಲ್ಲಿದೆ. ಕಿರಿಯ ವಯಸ್ಸಿನವರಲ್ಲಿ, ಬಿಆರ್‌ಸಿಎ-1 ಜೀನಿನ ದೋಷ ಇರುವ ಕುಟುಂಬಗಳಲ್ಲಿ ಹೆಚ್ಚು ಕಾಣುವ ವಿಧವಿದು. ಇಆರ್ ಗ್ರಾಹಕವೇ ಇಲ್ಲದ್ದರಿಂದ ಮೇಲೆ ಹೇಳಿದ 27-ಹೈಡ್ರಾಕ್ಸಿಕೊಲೆಸ್ಟ್ರಾಲಿಗೆ ಆ ದಾರಿಯಲ್ಲಿ ಪ್ರವೇಶವಿಲ್ಲ. ಮೂವತ್ತೈದರ ಹೆಣ್ಣುಮಗಳ ಲಿಪಿಡ್ ರಿಪೋರ್ಟ್ ಎಲ್ಲ ಸಾಲುಗಳಲ್ಲೂ ಸರಿಯಾಗಿದ್ದು, ಕಂಕುಳ ಬಳಿ ನೋವಿಲ್ಲದ ಗಂಟೊಂದು ಬೆಳೆಯುತ್ತಿರಬಹುದು. ಬೇರೆ ದೇಶದ ಸಂಶೋಧನೆಯನ್ನು ಇಲ್ಲಿಗೆ ಅನ್ವಯಿಸುವಾಗ ನಾವು ಮರೆಯುವುದು ಇದನ್ನೇ. ತೋಟಗಳ ಲೈನ್ ಮನೆಗಳಲ್ಲಿರುವ ಕಾರ್ಮಿಕ ಹೆಂಗಸರ ಲಿಪಿಡ್ ರಿಪೋರ್ಟ್ ನಾನು ನೋಡುವುದೇ ಅಪರೂಪ. ಕೊಲೆಸ್ಟ್ರಾಲಿನ ಈ ಚರ್ಚೆ ಅವರನ್ನು ಮುಟ್ಟುವುದೂ ಇಲ್ಲ. ಮೂವತ್ತು ದಾಟಿದ ಮಹಿಳೆಯರ ಸ್ತನ ಪರೀಕ್ಷೆ ಸರ್ಕಾರದ ತಪಾಸಣೆ ಕಾರ್ಯಕ್ರಮದಲ್ಲಿ ಸೇರಿದೆ, ಅದಕ್ಕೆ ರಕ್ತ ತೆಗೆಯಬೇಕಿಲ್ಲ, ದುಡ್ಡೂ ಕೊಡಬೇಕಿಲ್ಲ. ಕೊಯ್ಲಿನ ಕಾಲದಲ್ಲಿ ಅರ್ಧ ದಿನದ ಕೂಲಿ ಬಿಟ್ಟು ಬರುವಂತೆ ಮಾಡುವುದು ತೋಟದ ಮಾಲೀಕರ ಕೈಯಲ್ಲಿದೆ ಎಂದು ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ.

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕ್ಯಾನ್ಸರನ್ನು ತಡೆಯುತ್ತದೆಯೇ ಎಂಬ ಪ್ರಶ್ನೆಗೆ ಡೆನ್ಮಾರ್ಕಿನಲ್ಲಿ ಹೆಚ್ಚು ಕೆಲಸ ನಡೆದಿದೆ. ಸಿಮ್ವಾಸ್ಟಾಟಿನ್ ತೆಗೆದುಕೊಳ್ಳುತ್ತಿದ್ದ ರೋಗಿಗಳಲ್ಲಿ ಕ್ಯಾನ್ಸರ್ ಮರುಕಳಿಸಿದ್ದು ಕಡಿಮೆ ಎಂದು 2011ರಲ್ಲಿ ಅಲ್ಲಿನ ದಾಖಲೆಗಳಿಂದ ಕಂಡುಬಂತು. ಆದರೆ ಸ್ಟ್ಯಾಟಿನ್ ತೆಗೆದುಕೊಳ್ಳುವವರು ವೈದ್ಯರನ್ನು ಹೆಚ್ಚು ನೋಡುವವರೂ ಆಗಿರುತ್ತಾರಾದ್ದರಿಂದ ಅದನ್ನೇ ಕೊನೆಯ ಮಾತೆನ್ನಲಾಗದು. ಆ ಕಾರಣದಿಂದಲೇ ಇಆರ್ ಪಾಸಿಟಿವ್ ರೋಗಿಗಳಿಗೆ ಅಟೊರ್ವಾಸ್ಟಾಟಿನ್ ಅಥವಾ ಔಷಧವಿಲ್ಲದ ಮಾತ್ರೆಯನ್ನು ಚೀಟಿ ಎತ್ತಿದಂತೆ ಹಂಚಿ ನೋಡುವ ಮಾಸ್ಟರ್ ಎಂಬ ಪ್ರಯೋಗವನ್ನು ಅಲ್ಲಿ ಕೈಗೊಂಡರು. ಹೃದಯಕ್ಕಾಗಿ ವೈದ್ಯರು ಬರೆದುಕೊಟ್ಟಿದ್ದರೆ ಸ್ಟ್ಯಾಟಿನ್ ಬಿಡಬೇಡಿ. ಕ್ಯಾನ್ಸರ್ ತಡೆಗೆಂದು ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಬೇಡಿ.

ಲಿಪಿಡ್ ಪರೀಕ್ಷೆ ನಿಜವಾಗಿ ಬೇಕಾಗುವುದು ಸ್ತನ ಕ್ಯಾನ್ಸರಿನ ಚಿಕಿತ್ಸೆ ಪಡೆದವರಿಗೆ, ಅದನ್ನು ಮಾಡಿಸಲು ಮರೆಯುವವರೂ ಅವರೇ. ಕೆಲವು ಕೀಮೋ ಔಷಧಗಳೂ ಹರ್-2 ವಿಧಕ್ಕೆ ಕೊಡುವ ಟ್ರಾಸ್ಟುಜುಮ್ಯಾಬೂ ಹೃದಯದ ಸ್ನಾಯುವಿಗೆ ತೊಂದರೆ ಕೊಡಬಹುದು, ಮತ್ತು ಕ್ಯಾನ್ಸರಿನಿಂದ ಪಾರಾದ ಹಿರಿಯ ವಯಸ್ಸಿನ ಅನೇಕರ ಜೀವಕ್ಕೆ ಮುಂದೆ ಎರವಾಗುವುದು ಹೃದಯರೋಗವೇ. ಇಆರ್ ಪಾಸಿಟಿವ್ ರೋಗಿಗಳಿಗೆ ಕೊಡುವ ಟಮೊಕ್ಸಿಫೆನ್ ಎಲ್‌ಡಿಎಲ್ ಅನ್ನು ಇಳಿಸುತ್ತದೆ, ಕೆಲವರಲ್ಲಿ ಟ್ರೈಗ್ಲಿಸರೈಡ್ ಏರಿಸುತ್ತದೆ. ಅರೋಮಟೇಸ್ ಕಿಣ್ವವನ್ನು ತಡೆಯುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಮಾತ್ರೆಗಳಿಗೆ ಎಲ್‌ಡಿಎಲ್ ಇಳಿಸುವ ಆ ಗುಣವಿಲ್ಲ. ಹೀಗಾಗಿ ಟಮೊಕ್ಸಿಫೆನ್ ನಿಲ್ಲಿಸಿ ಲೆಟ್ರೊಜೋಲ್ ಶುರುಮಾಡಿದವರ ಮುಂದಿನ ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಏರಿದ್ದು ಕಂಡರೆ, ಕ್ಯಾನ್ಸರ್ ಮರಳಿತೆಂದೋ ಹೊಸ ಮಾತ್ರೆ ಒಗ್ಗಲಿಲ್ಲವೆಂದೋ ತಿಳಿದು ಮಾತ್ರೆ ಬಿಟ್ಟುಬಿಡುವುದು ಅತ್ಯಂತ ಅಪಾಯದ ತೀರ್ಮಾನ. ಹಾಗೆ ಬಿಡಲು ಹೊರಟವರನ್ನು ಕೌಂಟರಿನಲ್ಲೇ ಕೂರಿಸಿ, ಮೊದಲು ನಿಮ್ಮ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿ ಎಂದು ಹೇಳಿದ್ದೇನೆ. ಏರಿದ ಅಂಕಿಗೆ ಬೇರೆ ಔಷಧವಿದೆ. ಚಿಕಿತ್ಸೆ ಆರಂಭವಾಗುವ ಮೊದಲೊಮ್ಮೆ ಲಿಪಿಡ್ ಪರೀಕ್ಷೆ ಮಾಡಿಸಿ, ಆ ರಿಪೋರ್ಟನ್ನು ಬಯಾಪ್ಸಿ ಮತ್ತು ಐಎಚ್‌ಸಿ ರಿಪೋರ್ಟುಗಳ ಜೊತೆಯಲ್ಲೇ ಒಂದು ಫೈಲಿನಲ್ಲಿಡಿ. ಮುಂದೆ ಅಂಕಿ ಬದಲಾದಾಗ ಅದು ಮಾತ್ರೆಯಿಂದಲೋ ವಯಸ್ಸಿನಿಂದಲೋ ಎಂದು ನಿಮ್ಮ ವೈದ್ಯರು ಹೋಲಿಸಿ ನೋಡುವುದು ಅದರೊಂದಿಗೇ.