ಎಂಬತ್ತೇಳರಲ್ಲಿ ಒಂದು ಪಾಲು

ಪೊಟ್ಟಣ ಬಿಚ್ಚಿ ಒಳಗಿದ್ದ ಮೂರು ಬೋಗಿಗಳನ್ನು ಎಂಜಿನ್ನಿನ ಹಿಂದೆ ಸಾಲಾಗಿ ಇಟ್ಟಾಗ, ನಮ್ಮವರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿ, "ಇದು ರೈಲಿನ ಮಾದರಿಯೋ, ಮಾದರಿಯ ಮಾದರಿಯೋ?" ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಎಂಜಿನ್ ಗೇಣಿಗೆ ತುಸು ಕಡಿಮೆ ಉದ್ದವಿತ್ತು. ಬೋಗಿಗಳು ಆನೆಯ ಹಿಂದೆ ಹೊರಟ ಕುರಿಮರಿಗಳಂತಿದ್ದವು. ಎತ್ತಿ ಹಳಿಯ ಮೇಲೆ ಇಡಲು ಹೋದರೆ ಗಾಲಿಗಳು ಎರಡು ಹಳಿಗಳ ನಡುವೆ ಇಳಿದು, ಚರಂಡಿಗೆ ಬಿದ್ದ ಆಟೋದ ಹಾಗೆ ವಾಲಿಕೊಂಡವು.

ನಾನು ಹಾಸನದ ಹೈಸ್ಕೂಲೊಂದರಲ್ಲಿ 32 ವರ್ಷ ಗಣಿತ ಹೇಳಿಕೊಟ್ಟವಳು. ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ ಎಷ್ಟು ಕಿಲೋಮೀಟರ್ ಎಂದು ಹೇಳಲಾರದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು. ಅವರಲ್ಲಿ ಯಾರಾದರೂ ಆ ಸಂಜೆ ನಮ್ಮ ಮನೆಗೆ ಬಂದಿದ್ದರೆ, ಹೇಳಿಸಿಕೊಳ್ಳದೆ ನಾನೇ ಬೆಂಚು ಹತ್ತುತ್ತಿದ್ದೆ.

ಈ ರೋಗ ಅಂಟಿದ್ದು ಪುಣೆಯಲ್ಲಿ. ಮಗಳ ಮನೆಗೆ ಹೋಗಿದ್ದಾಗ ಕೋಥ್ರುಡ್‌ನಲ್ಲಿರುವ ಜೋಶಿಯವರ ಪುಟಾಣಿ ರೈಲುಗಳ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದಳು. ಉಳಿದವರೆಲ್ಲ ಮಕ್ಕಳಿಗೆ ತೋರಿಸಲೆಂದು ಬಂದವರು. ನಾನು ಮಾತ್ರ ಆ ಮಕ್ಕಳನ್ನು ಮೆಲ್ಲನೆ ಸರಿಸಿ ಮುಂದೆ ನಿಂತೆ. ಮೊಮ್ಮಗನ ನೆಪ ಹೇಳಬಹುದಿತ್ತು. ಆದರೆ ನನಗೆ ಮೊಮ್ಮಗನಿಲ್ಲ, ಮಗಳಿಗೆ ಆ ವಿಷಯ ಎತ್ತಿದರೆ ಕೋಪ ಬರುತ್ತದೆ.

ಮನೆಗೆ ಬಂದವಳೇ ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಟ್ಟದ ದಾರಿಯನ್ನು ಮಹಡಿಯ ಕೋಣೆಯಲ್ಲಿ ಕಟ್ಟುತ್ತೇನೆಂದು ಘೋಷಿಸಿದೆ. ಆ ಮಾರ್ಗ 1979ರಲ್ಲಿ ತೆರೆದಾಗ ನನಗೆ 16 ವರ್ಷ. ಅಪ್ಪನ ಜೊತೆ ಮಂಗಳೂರಿಗೆ ಹೊರಟಿದ್ದೆ. 57 ಸುರಂಗಗಳನ್ನೂ ಎಣಿಸುತ್ತೇನೆಂದು ಕಿಟಕಿಗೆ ಅಂಟಿ ಕೂತವಳು 31ರಲ್ಲಿ ನಿದ್ದೆ ಹೋದೆ. ಉಳಿದ 26 ಇಂದಿಗೂ ಬಾಕಿ ಇವೆ.

ಮೊದಲ ಲೆಕ್ಕ ಮಾಡಿದ್ದು ಕ್ಯಾಲೆಂಡರಿನ ಹಿಂಬದಿಯಲ್ಲಿ. ಘಟ್ಟದ ದಾರಿ 55 ಕಿಲೋಮೀಟರ್. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಎಚ್‌ಓ ಸ್ಕೇಲಿನಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಪಾಲು. ಭಾಗಿಸಿದರೆ 632 ಮೀಟರ್ ಬಂತು. ಅಂದರೆ ನಮ್ಮ ಮಹಡಿಯಿಂದ ಹೊರಟ ಹಳಿ ಹಾಲಿನ ಬೂತ್ ದಾಟಿ, ಗಣಪತಿ ಗುಡಿಯ ಪ್ರದಕ್ಷಿಣೆ ಹಾಕಿ, ಅಡುಗೆ ಅನಿಲದ ಗೋದಾಮಿನ ಹತ್ತಿರ ಸುಬ್ರಹ್ಮಣ್ಯ ತಲುಪಬೇಕು. 160ರಲ್ಲಿ ಒಂದು ಪಾಲಾದ ಎನ್ ಸ್ಕೇಲಿನಲ್ಲಿ 344 ಮೀಟರ್. 220ರಲ್ಲಿ ಒಂದಾದ ಜ಼ೆಡ್‌ನಲ್ಲೂ ಕಾಲು ಕಿಲೋಮೀಟರ್ ಬೇಕು. "ಸಕಲೇಶಪುರದಿಂದ ದೋಣಿಗಲ್‌ವರೆಗೆ ಸಾಕು ಬಿಡೇ," ಎಂದರು ನಮ್ಮವರು. ಅಷ್ಟಕ್ಕೂ ಕೋಣೆ ಸಾಲದೆಂದು ಅವರಿಗೆ ಹೇಳಲಿಲ್ಲ.

ಹೆಸರುಗಳ ವಿಷಯದಲ್ಲಿ ನನಗೆ ಇನ್ನೂ ಸಿಟ್ಟಿದೆ. 1891ರಲ್ಲಿ ಜರ್ಮನಿಯ ಮಾರ್ಕ್ಲಿನ್ ಕಂಪನಿಯವರು ಆಟದ ರೈಲಿನ ಹಳಿಗಳಿಗೆ ಅಗಲದ ಪ್ರಕಾರ ಒಂದು, ಎರಡು ಎಂದು ಸಂಖ್ಯೆ ಕೊಟ್ಟರು. ಇಲ್ಲಿಯವರೆಗೆ ಸರಿ. ಆಮೇಲೆ ಒಂದಕ್ಕಿಂತ ಕಿರಿದಾದದ್ದು ಬಂತು, ಅದು ಸೊನ್ನೆ ಆಯಿತು. ಜನ ಅದನ್ನು ಓ ಎಂದು ಓದಿದರು. ಅದರ ಅರ್ಧದಷ್ಟು ಬಂದಾಗ ಅರ್ಧ ಸೊನ್ನೆ ಎಂದರು. ಅದೇ ಎಚ್‌ಓ. ಸೊನ್ನೆಯ ಅರ್ಧ ಸೊನ್ನೆಯೇ ಎಂದು ಏಳನೆಯ ತರಗತಿಯ ಹುಡುಗನಿಗೂ ಗೊತ್ತು. ಇಂಗ್ಲೆಂಡಿನವರು ಇನ್ನೂ ಮುಂದೆ ಹೋಗಿ ಎರಡು ಸೊನ್ನೆ, ಓಓ, ಎಂದರು. ಅದು 76ರಲ್ಲಿ ಒಂದು. ಹೀಗಾಗಿ ಈ ಲೋಕದಲ್ಲಿ ಎರಡು ಸೊನ್ನೆ ಒಂದು ಸೊನ್ನೆಗಿಂತ ಚಿಕ್ಕದು, ಅರ್ಧ ಸೊನ್ನೆಗಿಂತ ದೊಡ್ಡದು.

ಓಓದ ಕಥೆಯೂ ಚೆನ್ನಾಗಿದೆ. ಇಂಗ್ಲೆಂಡಿನ ರೈಲುಗಳು ಯುರೋಪಿನ ರೈಲುಗಳಿಗಿಂತ ಸಣಕಲು. ಎಚ್‌ಓ ಅಳತೆಗೆ ಇಳಿಸಿದರೆ ಆ ಕಾಲದ ಮೋಟರ್ ಎಂಜಿನ್ನಿನ ಹೊಟ್ಟೆಯೊಳಗೆ ಹಿಡಿಸುತ್ತಿರಲಿಲ್ಲ. ಅದಕ್ಕೆ ಮೈಯನ್ನು ದೊಡ್ಡದು ಮಾಡಿ, ಹಳಿಯನ್ನು ಮಾತ್ರ ಎಚ್‌ಓದ 16.5 ಮಿಲಿಮೀಟರಿನಲ್ಲೇ ಬಿಟ್ಟರು. ಮದುವೆಗೆ ಹೊಲಿಸಿದ ಕೋಟನ್ನು ಬಿಚ್ಚಿ ದೊಡ್ಡದು ಮಾಡಿ, ಪ್ಯಾಂಟನ್ನು ಹಾಗೆಯೇ ಬಿಟ್ಟಂತೆ. ಈ ದಾಕ್ಷಿಣ್ಯದ ಫಲವೇನೆಂದರೆ ಓಓ ಮತ್ತು ಎಚ್‌ಓ ಎರಡೂ ಒಂದೇ ಹಳಿಯ ಮೇಲೆ ಓಡುತ್ತವೆ, ಹೊಸಬರು ಎರಡನ್ನೂ ಕೊಂಡು ಕೂರುತ್ತಾರೆ. ನಾನು ಕೊಂಡ ನಿಲ್ದಾಣ ಓಓ, ಪ್ರಯಾಣಿಕರು ಎಚ್‌ಓ. ಟಿಕೆಟ್ ಕಿಟಕಿಗೆ ಅವರ ಕೈ ಎಟುಕುವುದಿಲ್ಲ.

ಇನ್ನು ಆ ಮೂರು ಕುರಿಮರಿಗಳು. ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ನೋಡಿದಾಗ ಬೋಗಿಗಳ ಕೆಳಗೆ ಎನ್ ಎಂಬ ಒಂದೇ ಅಕ್ಷರವಿತ್ತು. ಯಾವುದೋ ಮಾಡೆಲ್ ಇರಬೇಕು ಎಂದುಕೊಂಡೆ. ಎನ್ ಎಂದರೆ ನೈನ್, ಹಳಿಯ ಅಗಲ ಒಂಬತ್ತು ಮಿಲಿಮೀಟರ್ ಎಂಬುದು ಪೊಟ್ಟಣ ಬಿಚ್ಚಿದ ಮೇಲೆ ತಿಳಿಯಿತು. ಪರದೆಯ ಮೇಲೆ ಆನೆಯೂ ಇಲಿಯೂ ಒಂದೇ ಚೌಕದಲ್ಲಿ ಕೂರುತ್ತವೆ. ಬೆಲೆ ಎಷ್ಟೆಂದು ನಮ್ಮವರು ಕೇಳಿದಾಗ ಅರ್ಧ ಹೇಳಿದೆ. ಅದೂ ಒಂದು ಸ್ಕೇಲ್, 1:2.

ನನ್ನ ಮಾತು ಕೇಳುವವರಿದ್ದರೆ, ಏನನ್ನೂ ಕೊಳ್ಳುವ ಮೊದಲು ಅಡುಗೆಮನೆಯ ಡಬ್ಬಗಳನ್ನು ಇಳಿಸಿ ನೋಡಬೇಕು. ಹಳಿಯ ಕೆಳಗೆ ಜಲ್ಲಿ ಹಾಕಲೇಬೇಕಲ್ಲ. ಉಪ್ಪಿಟ್ಟಿನ ರವೆಯ ಕಾಳನ್ನು ಮುಕ್ಕಾಲು ಮಿಲಿಮೀಟರ್ ಎಂದು ಹಿಡಿದು 87ರಿಂದ ಗುಣಿಸಿದರೆ 65 ಮಿಲಿಮೀಟರ್, ನಿಜವಾದ ಹಳಿಯ ದಪ್ಪ ಜಲ್ಲಿಯ ಆಸುಪಾಸು. ಅದು ಎಚ್‌ಓ. ಚಿರೋಟಿ ರವೆ ಎನ್‌ಗೆ. ಅಕ್ಕಿ ನುಚ್ಚು ಓಗೆ. ಓ ಎಂದರೆ ಒಂದೊಂದು ಬೋಗಿ ಅರ್ಧ ಮೀಟರ್, ನಾಲ್ಕು ಜೋಡಿಸುವಷ್ಟರಲ್ಲಿ ಕೋಣೆಯ ಗೋಡೆ ಬರುತ್ತದೆ. ತೋಟದಲ್ಲಿ ಓಡಿಸುವ ಜಿ ಸ್ಕೇಲ್ ಇದೆ, ಬೋಗಿ ಹೆಚ್ಚುಕಡಿಮೆ ಒಂದು ಮೀಟರ್. ನಮ್ಮ ತೋಟವೆಂದರೆ ಎರಡು ದಾಸವಾಳ, ಒಂದು ಕರಿಬೇವು, ಬೀದಿನಾಯಿ ಮಲಗುವ ಒಂದು ಜಾಗ. ಜ಼ೆಡ್ ಬೇಡವೆಂದದ್ದು ನನ್ನ ಕಣ್ಣು. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯ ಹುಡುಗಿಯನ್ನು ಕರೆಯುವವಳು ಆರೂವರೆ ಮಿಲಿಮೀಟರಿನ ಹಳಿಯ ಮೇಲೆ ಗಾಲಿ ಕೂರಿಸುವುದುಂಟೇ! ಹೀಗೆ ಒಂದೊಂದನ್ನೇ ಬಿಟ್ಟು ಬಂದು ಉಪ್ಪಿಟ್ಟಿನ ರವೆಯಲ್ಲಿ ನಿಂತೆ.

ಅಪ್ಪನ ಜೊತೆ ಹೋದ ಗಾಡಿ ಮೀಟರ್ ಗೇಜಿನದು, ಅಂದರೆ ಎರಡು ಹಳಿಗಳ ನಡುವೆ ಒಂದೇ ಮೀಟರ್. ಅದನ್ನೇ ಕಟ್ಟಬೇಕೆಂದರೆ 87ರ ಲೆಕ್ಕದಲ್ಲಿ ಹಳಿಯ ಅಗಲ 11.5 ಮಿಲಿಮೀಟರ್. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳಿಗೆಂದು 12 ಮಿಲಿಮೀಟರಿನದು ಸಿಗುತ್ತದೆ, ಬೆಲೆಯೂ ಬೆಟ್ಟದ ಮೇಲೆಯೇ ಇದೆ. ನೆನಪಿಗೆ ಅಷ್ಟು ದುಡ್ಡು ತೆರಲಾರದೆ ನಾನೂ ರೈಲ್ವೆಯವರಂತೆ ಬ್ರಾಡ್ ಗೇಜಿಗೆ ಪರಿವರ್ತನೆ ಮಾಡಿದೆ. ನಿಜವಾದ ಘಟ್ಟದಲ್ಲಿ 1996ರಲ್ಲಿ ನಿಂತ ಗಾಡಿಗಳು ಮತ್ತೆ ಓಡಲು ಸುಮಾರು ಹತ್ತು ವರ್ಷ ಬೇಕಾಯಿತು. ನನಗೆ ಹತ್ತು ನಿಮಿಷ ಸಾಕಾಯಿತು.

ಬಡಗಿಗೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಮೇಜು ಹೇಳಿದೆ. ಇಸ್ತ್ರಿ ಅಂಗಡಿ ತೆರೆಯುತ್ತೀರಾ ಎಂದು ಕೇಳಿದ. ರೈಲಿಗೆ ಎಂದಾಗ ಮುಂಗಡ ಸ್ವಲ್ಪ ಹೆಚ್ಚಿಗೆ ಕೇಳಿದ. ಮೇಜು ಅಚ್ಚುಕಟ್ಟಾಗಿ ಬಂತು, ಮೆಟ್ಟಿಲ ತಿರುವಿನವರೆಗೂ ಬಂತು, ಅಲ್ಲಿ ನಿಂತಿತು. ಅದರ ಒಂದು ಬದಿಯಲ್ಲಿ ಬಡಗಿ, ಇನ್ನೊಂದು ಬದಿಯಲ್ಲಿ ನಮ್ಮವರು, ಕೆಳಗೆ ಸಲಹೆ ಕೊಡುತ್ತಾ ನಾನು. ಬಚ್ಚಲಿಗೆ ಹೋಗಬೇಕೆಂದರೂ ನಮ್ಮವರಿಗೆ ದಾರಿ ಇರಲಿಲ್ಲ. ಕೊನೆಗೆ ಗರಗಸ ತಂದು ಅಲ್ಲೇ ಮೆಟ್ಟಿಲ ಮೇಲೆ ಎರಡು ತುಂಡು ಮಾಡಬೇಕಾಯಿತು. ಎಲ್ಲ ಸ್ಕೇಲುಗಳನ್ನೂ ಓದಿಕೊಂಡಿದ್ದವಳು ಮೆಟ್ಟಿಲನ್ನು ಅಳೆದಿರಲಿಲ್ಲ.

ಹದಿನೆಂಟು ಇಂಚಿನ ತ್ರಿಜ್ಯದ ಎರಡು ತಿರುವು, ನಡುವೆ ಮೂರು ಮೂರು ಅಡಿಯ ನೇರ ಹಳಿ. ಉದ್ದ ಬೋಗಿಗೆ ಆ ತಿರುವು ಇಕ್ಕಟ್ಟು. ಬೋಗಿಯ ಹೊಟ್ಟೆ ಒಳಕ್ಕೂ ಮೂಲೆ ಹೊರಕ್ಕೂ ಚಾಚುತ್ತದೆ. ತಿರುವಿನ ಪಕ್ಕದ ಪ್ಲಾಟ್‌ಫಾರ್ಮಿನ ಮೇಲಿದ್ದವರನ್ನು ಮೊದಲ ಸುತ್ತಿನಲ್ಲೇ ಗುಡಿಸಿ ಹಾಕಿತು. ಬಿದ್ದವರಿಗಾಗಿ ನಾನು ಹೆಚ್ಚು ಮರುಗಲಿಲ್ಲ. ಪೆಟ್ಟಿಗೆಯಲ್ಲಿ ಬಂದ ಪ್ರಯಾಣಿಕರೆಲ್ಲ ಯುರೋಪಿನವರು, ಒಬ್ಬನ ಕೈಯಲ್ಲಿ ಹಿಮದ ಮೇಲೆ ಜಾರುವ ಸ್ಕೀ ಬೇರೆ. ದೋಣಿಗಲ್ಲಿನ ಮಳೆಯಲ್ಲಿ ಅವನು ಎಲ್ಲಿಗೆ ಜಾರಬೇಕು? ಸ್ಕೀ ಕತ್ತರಿಸಿ, ಅಂಗಿಗೆ ಕೆಂಪು ಬಣ್ಣ ಬಳಿದು ಕೂಲಿಯಾಳು ಮಾಡಿದೆ. ಟೋಪಿ ಇಟ್ಟಿದ್ದ ಹೆಂಗಸಿಗೆ ಸೀರೆ ಬರೆದೆ. ಟೋಪಿ ಕೀಳಲು ಹೋದರೆ ತಲೆಯೇ ಬರುವಂತಿತ್ತು, ಬಿಟ್ಟೆ.

ಘಟ್ಟದ ಏರು 50ಕ್ಕೆ 1. ಅದೊಂದನ್ನಾದರೂ ನಿಜದಂತೆ ಮಾಡೋಣವೆಂದು ಹಳಿಯ ಕೆಳಗೆ ಹಳೆಯ ಲಾಗರಿದಮ್ ಪುಸ್ತಕಗಳನ್ನು ಜೋಡಿಸಿದೆ. ಎಂಜಿನ್ ಅರ್ಧ ಏರಿ, ಗಾಲಿ ತಿರುಗಿಸುತ್ತಾ ನಿಂತಲ್ಲೇ ನಿಂತಿತು. ಬೆರಳಿನಿಂದ ಹಿಂದಿನ ಬೋಗಿಯನ್ನು ತಳ್ಳುತ್ತಿದ್ದಾಗ ಬಾಗಿಲಲ್ಲಿ, "ಸರಿಯಾಗಿದೆ ಟೀಚರ್, ಘಟ್ಟದಲ್ಲಿ ಹಿಂದಿನಿಂದ ಬ್ಯಾಂಕರ್ ಎಂಜಿನ್ ತಳ್ಳಲೇಬೇಕು," ಎಂಬ ದನಿ ಕೇಳಿಸಿತು. ಎದುರು ಮನೆಯ ರಾಯರು. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ನಮ್ಮವರೇ ಕರೆದುಕೊಂಡು ಬಂದಿದ್ದರು, ನನಗೆ ಬುದ್ಧಿ ಹೇಳಿಸಲೆಂದು.

ರಾಯರು ಬುದ್ಧಿ ಹೇಳಲಿಲ್ಲ. ನೆಲಕ್ಕೆ ಕೂತು ಹಳಿಯ ಮಟ್ಟಕ್ಕೆ ಒಂದು ಕಣ್ಣು ತಂದು, ಇನ್ನೊಂದು ಮುಚ್ಚಿ, ಬಹಳ ಹೊತ್ತು ನೋಡಿದರು. ಜೇಬಿನಿಂದ ಸ್ಟೀಲ್ ಸ್ಕೇಲ್ ತೆಗೆದರು. ಆ ಮನುಷ್ಯ ಮದುವೆ ಮನೆಗೂ ಅದನ್ನು ಒಯ್ಯುತ್ತಾರೆ.

"ಎಷ್ಟರಲ್ಲಿ ಒಂದು?"

"ಎಂಬತ್ತೇಳರಲ್ಲಿ."

ಅವರು ಮನಸ್ಸಿನಲ್ಲೇ ಗುಣಿಸಿದರು. ನನಗಿಂತ ಮೊದಲೇ ಮುಗಿಸಿದರು, ಅದು ಇನ್ನೂ ಚುಚ್ಚುತ್ತಿದೆ. "ಹದಿನಾರೂವರೆ ಅಂದರೆ 1435 ಆಯಿತು. ಅದು ಯುರೋಪಿನ ಗೇಜ್. ನಮ್ಮದು 1676. ಟೀಚರ್, ನಿಮ್ಮ ಹಳಿ ಒಂಬತ್ತೂವರೆ ಇಂಚು ಕಿರಿದಾಗಿದೆ. ಈ ದಾರಿಯಲ್ಲಿ ಗಾಡಿ ಬಿಡಲು ನಾನು ಒಪ್ಪಿಗೆ ಕೊಡಲಾರೆ."

ಇಡೀ ದೇಶದಲ್ಲಿ ಎಚ್‌ಓ ಕಟ್ಟುವವರೆಲ್ಲ ಹೆಚ್ಚಾಗಿ ಇದೇ ಹಳಿಯಲ್ಲಿ ಹೊಂದಿಸಿಕೊಳ್ಳುತ್ತಾರೆ, ಸರಿಯಾಗಿ ಬೇಕೆಂದರೆ 19.3 ಮಿಲಿಮೀಟರಿನ ಹಳಿಯನ್ನು ಕೈಯಿಂದಲೇ ಮಾಡಿಕೊಳ್ಳಬೇಕು ಎಂದು ವಾದಿಸಿದೆ. "ಎಲ್ಲರೂ ಮಾಡುತ್ತಾರೆಂದು ಹೇಳುವವರನ್ನು ನೀವು ತರಗತಿಯಲ್ಲಿ ಏನು ಮಾಡುತ್ತಿದ್ದಿರಿ?" ಎಂದರು. ನಮ್ಮವರು ಬಾಗಿಲಲ್ಲಿ ನಿಂತು ಬೆಂಚು ತೋರಿಸಿದರು.

ರವೆಯ ಗತಿ ಅದೇ ವಾರ ಗೊತ್ತಾಯಿತು. ಕಪ್ಪು ಶಾಯಿಯಲ್ಲಿ ನೆನೆಸಿ, ತಾರಸಿಯಲ್ಲಿ ಒಣಗಿಸಿ, ಬಿಳಿ ಅಂಟು ಹಚ್ಚಿ ಕೂರಿಸಿದ್ದ ಜಲ್ಲಿಯನ್ನು ಇರುವೆಗಳು ಕಾಳು ಕಾಳಾಗಿ ಕಿತ್ತು ಸಾಲುಗಟ್ಟಿ ಒಯ್ಯುತ್ತಿದ್ದವು. ಮೂರು ಮಿಲಿಮೀಟರಿನ ಇರುವೆ 87ರ ಲೆಕ್ಕದಲ್ಲಿ 26 ಸೆಂಟಿಮೀಟರ್. ಅಂದರೆ ಹೆಗ್ಗಣಗಳ ಪಡೆಯೊಂದು ಹಾಡಹಗಲೇ ರೈಲ್ವೆ ಜಲ್ಲಿ ಕದಿಯುತ್ತಿದೆ. ರಾಯರು ಎಂ-ಸ್ಯಾಂಡ್ ಜರಡಿ ಹಿಡಿದು ಹಾಕಿ ಎಂದರು. ಹಿಡಿದೆ. ಮರುದಿನ ಚಪಾತಿ ಹಲ್ಲಿನಡಿ ಕರಕರ ಎಂದಾಗ ಯಾವ ಜರಡಿ ಎಂದು ನಮ್ಮವರಿಗೆ ಗೊತ್ತಾಯಿತು.

ಸುರಂಗ ಒಂದೇ ಆಯಿತು. ಕೋಳಿ ಜಾಲರಿಯ ಮೇಲೆ ಮೈದಾ ಅಂಟಿನಲ್ಲಿ ಹಳೆಯ ಪತ್ರಿಕೆ ಮೆತ್ತಿ ಗುಡ್ಡ ಮಾಡಿದೆ. 32ನೆಯದು ಎಂದು ಅದಕ್ಕೆ ಸಂಖ್ಯೆ ಬರೆದೆ.

ರಾಯರು ಕೊನೆಗೆ ಒಪ್ಪಿಗೆ ಕೊಟ್ಟರು, ಷರತ್ತಿನ ಮೇಲೆ. ಬೆಂಕಿಕಡ್ಡಿಗೆ ಹಳದಿ ಕಾಗದ ಅಂಟಿಸಿ, ಅದರ ಮೇಲೆ 20 ಎಂದು ಬರೆದು ಹಳಿಯ ಪಕ್ಕದಲ್ಲಿ ನೆಟ್ಟರು. ಗಂಟೆಗೆ 20 ಕಿಲೋಮೀಟರ್ ಮೀರುವಂತಿಲ್ಲ. ಅದು ಈ ಮೇಜಿನ ಮೇಲೆ ಸೆಕೆಂಡಿಗೆ 6.4 ಸೆಂಟಿಮೀಟರ್. ಒಂದು ಸುತ್ತಿಗೆ 73 ಸೆಕೆಂಡು. ಲಾಗರಿದಮ್ ಪುಸ್ತಕಗಳನ್ನು ತೆಗೆಸಿದರು. ಎಂಜಿನ್ ಮೊದಲ ಸಲ ಯಾರ ಬೆರಳೂ ಇಲ್ಲದೆ ಹೊರಟಿತು, ಹಿಂದೆ ಬದಲಿಸಿ ತರಿಸಿದ ಎಚ್‌ಓ ಬೋಗಿಗಳು ಮೂರು. ನಮ್ಮವರು ಕಾಫಿ ತಂದು, ಲೋಟ ಇಡಲು ಸಕಲೇಶಪುರದಲ್ಲಿ ಜಾಗ ಹುಡುಕಿದರು.

ಗಾಡಿ ಸುರಂಗ ಹೊಕ್ಕಿತು. ಹೊರಗೆ ಬರಲಿಲ್ಲ. ಒಳಗಿನಿಂದ ಲೊಚಲೊಚ ಎಂಬ ಸದ್ದು ಬಂತು. ಟಾರ್ಚ್ ಬಿಟ್ಟು ನೋಡಿದರೆ ಹಳಿಯ ಮೇಲೆ ಹಲ್ಲಿ, ಎಂಜಿನ್ನಿಗೆ ಮುಖ ಕೊಟ್ಟು ಅಲ್ಲಾಡದೆ ಕೂತಿತ್ತು. ಘಟ್ಟದಲ್ಲಾದರೆ ಆನೆಗಾಗಿ ಗಾಡಿ ನಿಲ್ಲಿಸುತ್ತಾರೆ. ಪೊರಕೆ ತರಲು ಎದ್ದ ನಮ್ಮವರನ್ನು ರಾಯರು ಕೈಸನ್ನೆಯಲ್ಲೇ ತಡೆದರು. ಸ್ಟೀಲ್ ಸ್ಕೇಲನ್ನು ಮೆಲ್ಲನೆ ಸುರಂಗದೊಳಗೆ ಚಾಚಿ ದೂರದಿಂದಲೇ ಅಳೆದರು, ಗಡಿಯಾರ ನೋಡಿದರು, ಜೇಬಿನ ಡೈರಿ ತೆಗೆದು ಬರೆದರು: "ಗಾಡಿ ನಿಂತದ್ದು 5 ಗಂಟೆ 42 ನಿಮಿಷ. ಕಾರಣ, ಹಲ್ಲಿ. ಉದ್ದ 8.7 ಮೀಟರ್."